ಒಳಲೆಯಲ್ಲಿ ಏನಿರಬೇಕು: ಐದು ದಿನದ ಕೂಸಿನ ಕಾಮಾಲೆ, ಒಂದು ಪ್ರಕರಣ

ಹೆಣ್ಣು ಮಗು, ಹುಟ್ಟಿ ಐದು ದಿನ. ಊರು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆ. ಚೊಚ್ಚಲ ಹೆರಿಗೆ, 37 ವಾರಕ್ಕೆ ಸಹಜವಾಗಿಯೇ ಆಗಿದೆ. ಹುಟ್ಟಿದಾಗ ತೂಕ 2.7 ಕೆ.ಜಿ. ಹುಟ್ಟಿದ ಕೂಡಲೇ ಚೆನ್ನಾಗಿ ಅತ್ತಿತ್ತು, ಗಂಟೆಯೊಳಗೆ ಎದೆಗೆ ಹಾಕಿದ್ದರು, 48 ಗಂಟೆ ಕಳೆದ ಮೇಲೆ ಮನೆಗೆ ಕಳಿಸಿದ್ದರು. ಹಾಸನದಲ್ಲಿ ನಾನು ಕೆಲಸ ಮಾಡುವ ಮಕ್ಕಳ ವಾರ್ಡಿಗೆ ಬಂದಾಗ ಮುಖ, ಎದೆ, ಹೊಟ್ಟೆ ದಾಟಿ ಮೊಣಕಾಲಿನವರೆಗೂ ಹಳದಿ ಇಳಿದಿತ್ತು. ತೂಕ 2.38 ಕೆ.ಜಿ. ಅಂದರೆ ಹುಟ್ಟಿದ ತೂಕದಲ್ಲಿ ನೂರಕ್ಕೆ ಹನ್ನೆರಡರಷ್ಟು ಹೋಗಿದೆ. ಮೊದಲ ದಿನಗಳಲ್ಲಿ ಮಕ್ಕಳು ಸ್ವಲ್ಪ ಇಳಿಯುವುದು ಸಹಜ. ನೂರಕ್ಕೆ ಹತ್ತು ದಾಟಿದರೆ ಮಾತ್ರ ಹಾಲು ಹೊಟ್ಟೆಗೆ ಹೋಗುತ್ತಿದೆಯೇ ಎಂದು ಕೂತು ನೋಡಲೇಬೇಕು.

"ಅಳೋದೇ ಇಲ್ಲ ಡಾಕ್ಟ್ರಮ್ಮಾ, ಮಲಗಿದ್ರೆ ಮಲಗ್ಕಂಡೇ ಇರ್ತದೆ. ಒಳ್ಳೆ ಮಗ ಅಂತಿದ್ವಿ" ಎಂದರು ಕೂಸಿನ ಅಜ್ಜಿ.

ಅಂಗಾಲಿಗೆ ಬೆರಳಿನಿಂದ ತಟ್ಟಿದೆ. ಮಗು ಕಣ್ಣು ಬಿಟ್ಟಿತು, ಮುಖ ಕಿವುಚಿ ಅತ್ತಿತು, ಅಳುವಿನ ದನಿ ಸಹಜವಾಗಿತ್ತು. ಕೈಕಾಲು ಬಿಗಿದುಕೊಂಡಿರಲಿಲ್ಲ, ಬೆನ್ನು ಹಿಂದಕ್ಕೆ ಬಾಗಿರಲಿಲ್ಲ. ಬಾಯಿಗೆ ಬೆರಳಿಟ್ಟರೆ ಚೀಪುತ್ತಿತ್ತು, ಆದರೆ ನಾಲ್ಕೈದು ಸಲ ಚೀಪಿ ಸೋತು ಬಿಡುತ್ತಿತ್ತು. ಕಾಮಾಲೆ ಮೆದುಳಿಗೆ ಏರುವ ಲಕ್ಷಣಗಳನ್ನು ಮೊದಲು ಹುಡುಕುತ್ತೇವೆ: ಎಬ್ಬಿಸಿದರೂ ಏಳದ ಮಂಪರು, ಚೀಪುವುದನ್ನೇ ಬಿಡುವುದು, ಕೀರಲು ದನಿಯ ಅಳು, ಬಿಲ್ಲಿನಂತೆ ಹಿಂದಕ್ಕೆ ಬಾಗುವ ಮೈ. ಇವು ಇನ್ನೂ ಬಂದಿರಲಿಲ್ಲ. ರಕ್ತಕ್ಕೆ ಕಳಿಸಿ, ವರದಿಗೆ ಕಾಯದೆ ಮಗುವನ್ನು ನೀಲಿ ಬೆಳಕಿನ ಕೆಳಗೆ ಮಲಗಿಸಿದೆವು.

ವರದಿ ಬಂತು. ಮೈಗೆ ಹಳದಿ ತರುವ ಬಿಲಿರುಬಿನ್ ಒಟ್ಟು ಡೆಸಿಲೀಟರಿಗೆ 21.2 ಮಿಲಿಗ್ರಾಂ, ಅದರಲ್ಲಿ ನೇರ ಬಿಲಿರುಬಿನ್, ಅಂದರೆ ಯಕೃತ್ತು ಆಗಲೇ ನೀರಿನಲ್ಲಿ ಕರಗುವಂತೆ ಮಾಡಿದ್ದು, 0.7 ಮಾತ್ರ. ತಾಯಿ ಮಗು ಇಬ್ಬರದೂ ಬಿ ಪಾಸಿಟಿವ್. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತಕಣಕ್ಕೆ ಅಂಟಿವೆಯೇ ಎಂದು ನೋಡುವ ಕೂಂಬ್ಸ್ ಪರೀಕ್ಷೆ ನೆಗೆಟಿವ್, ಹಿಮೋಗ್ಲೋಬಿನ್ 17, ರಕ್ತಕಣ ಒಡೆಯದಂತೆ ಕಾಯುವ ಜಿ6ಪಿಡಿ ಕಿಣ್ವ ಸರಿಯಾಗಿದೆ, ಥೈರಾಯ್ಡ್ ಸರಿಯಾಗಿದೆ, ಸೋಂಕಿನ ಸುಳಿವಿಲ್ಲ. ಸೋಡಿಯಂ 148, ಇರಬೇಕಾದ್ದಕ್ಕಿಂತ ತುಸು ಮೇಲೆ. ರಕ್ತಕಣ ಒಡೆಯುವ ಕಾಯಿಲೆ ಯಾವುದೂ ಇಲ್ಲ, ಮಗು ಒಣಗಿದೆ ಎಂದು ಇದರ ಅರ್ಥ. ಮಗುವಿನ ವಯಸ್ಸನ್ನು ಗಂಟೆಗಳಲ್ಲಿ ಲೆಕ್ಕ ಹಾಕಿ, ಎಷ್ಟು ವಾರಕ್ಕೆ ಹುಟ್ಟಿತು ಎಂಬುದನ್ನು ಸೇರಿಸಿ ನೋಡುವ ನಕ್ಷೆ ಇರುತ್ತದೆ. ಅದರಲ್ಲಿ ಬೆಳಕಿನ ಚಿಕಿತ್ಸೆಯ ಗೆರೆ ದಾಟಿತ್ತು. ರಕ್ತ ಬದಲಾಯಿಸುವ ಗೆರೆ ಇನ್ನೂ ಮೇಲಿತ್ತು, ತೀರಾ ದೂರವೇನೂ ಇರಲಿಲ್ಲ.

ಚೀಲದಲ್ಲಿ ಬಂದದ್ದು

ಇಲ್ಲಿಯವರೆಗೆ ಏನೇನು ಕೊಟ್ಟಿರಿ ಎಂದು ಕೇಳಿದೆ. ಅಜ್ಜಿ ಮುಚ್ಚುಮರೆ ಮಾಡಲಿಲ್ಲ, ಬಟ್ಟೆ ಚೀಲವನ್ನೇ ಮೇಜಿನ ಮೇಲೆ ಬರಿದು ಮಾಡಿದರು. ಗ್ಲೂಕೋಸ್ ಪುಡಿಯ ಡಬ್ಬ. ಲಿವರ್ ಟಾನಿಕ್ಕಿನ ಡ್ರಾಪ್ಸ್. ಜಿಂಕ್ ಡ್ರಾಪ್ಸ್. ಪ್ರೊಬಯಾಟಿಕ್, ಅಂದರೆ ಕರುಳಿಗೆ ಒಳ್ಳೆಯದೆನ್ನುವ ಬ್ಯಾಕ್ಟೀರಿಯಾದ ಪುಡಿಯ ನಾಲ್ಕು ಪೊಟ್ಟಣ, ಎರಡು ಖಾಲಿ. ಗ್ರೈಪ್ ವಾಟರ್. ಚಿಕ್ಕ ಶೀಶೆಯಲ್ಲಿ ತೋಟದ ಜೇನು. ಬಾಳೆಎಲೆಯಲ್ಲಿ ಸುತ್ತಿದ ನೆಲನೆಲ್ಲಿ, ಬೇರಿನ ಮಣ್ಣು ಇನ್ನೂ ಹಸಿ. ಎಲ್ಲದರ ಜೊತೆಗೆ ಒಂದು ಬೆಳ್ಳಿಯ ಒಳಲೆ, ಕೂಸಿಗೆ ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು, ಕೂಸಿನ ತಾಯಿಗೂ ಅದರಲ್ಲೇ ಕುಡಿಸಿದ್ದಂತೆ.

ಗ್ಲೂಕೋಸ್ ಮತ್ತು ನೆಲನೆಲ್ಲಿ ಮನೆಯವರ ತೀರ್ಮಾನ. ಡ್ರಾಪ್ಸುಗಳನ್ನೂ ಪುಡಿಯನ್ನೂ ನಾಲ್ಕನೇ ದಿನ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಬರೆದುಕೊಟ್ಟಿದ್ದರು. ಮಗುವನ್ನು ಅಲ್ಲಿಗೆ ಒಯ್ದಿರಲಿಲ್ಲ, ಹನ್ನೊಂದನೇ ದಿನದ ಪುಣ್ಯಾಹ ಆಗದೆ ಹೊಸ್ತಿಲು ದಾಟಿಸುವುದು ಬೇಡ ಎಂದು. ಮಾವ ಹೋಗಿ "ಮಗೀಗೆ ಜಾಂಡೀಸ್" ಎಂದು ಹೇಳಿ ಮದ್ದು ತಂದರು. ನೋಡದೆ, ತೂಗದೆ, ರಕ್ತ ತೆಗೆಯದೆ ಕೊಟ್ಟ ಆ ಚೀಟಿಯ ಬಗ್ಗೆ ನನಗೆ ಬೇಸರವಿದೆ. ಒಂದೂವರೆ ದಿನ ಮನೆಯವರು ಚಿಕಿತ್ಸೆ ನಡೆಯುತ್ತಿದೆ ಎಂದು ನೆಮ್ಮದಿಯಲ್ಲಿದ್ದರು. ಆ ಒಂದೂವರೆ ದಿನದಲ್ಲಿ ಬಿಲಿರುಬಿನ್ ಏರುತ್ತಲೇ ಇತ್ತು.

ಮೂರನೇ ದಿನದಿಂದ ಐದನೇ ದಿನಕ್ಕೆ

ನಡೆದದ್ದನ್ನು ತಾಯಿಯನ್ನು ಕೂರಿಸಿಕೊಂಡು ಗಂಟೆ ಗಂಟೆಯಾಗಿ ಕೇಳಿಕೊಂಡೆ. ಪ್ರಕರಣದ ತಿರುಳು ಇರುವುದು ಇಲ್ಲಿ.

ಆಸ್ಪತ್ರೆಯಿಂದ ನೇರ ತವರಿಗೆ ಬಂದಳು. ಆಶಾ ಕಾರ್ಯಕರ್ತೆಯರು ಆಸ್ಪತ್ರೆ ಹೆರಿಗೆಯಾದ ಮನೆಗೆ 3, 7, 14, 21, 28 ಮತ್ತು 42ನೇ ದಿನ ಭೇಟಿ ಕೊಡಬೇಕು. ಇವಳ ಹೆಸರು ಇದ್ದದ್ದು ಗಂಡನ ಊರಿನ ಪಟ್ಟಿಯಲ್ಲಿ. ಅಲ್ಲಿಯ ಆಶಾ ಮನೆಗೆ ಹೋಗಿ ಬಾಣಂತಿ ಇಲ್ಲವೆಂದು ತಿಳಿದು ವಾಪಸಾದರು, ತವರೂರಿನ ಆಶಾಗೆ ವಿಷಯ ಮುಟ್ಟಲಿಲ್ಲ. ಚೊಚ್ಚಲ ಬಾಣಂತನ ತವರಿನಲ್ಲೇ ನಡೆಯುವ ನಮ್ಮ ಜಿಲ್ಲೆಯಲ್ಲಿ ಅತಿ ಮುಖ್ಯವಾದ ಮೂರನೇ ದಿನದ ಭೇಟಿ ಹೀಗೆ ತಪ್ಪುವುದನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ.

ಬಾಣಂತಿ ಕೋಣೆಗೆ ಗಾಳಿ ಬಾರದಂತೆ ಕಿಟಕಿ ಮುಚ್ಚಿತ್ತು. ಹೊರಗೆ ಆಷಾಢದ ಮಳೆ, ಮಧ್ಯಾಹ್ನವೂ ಕತ್ತಲೆ, ಕರೆಂಟು ಬಂದು ಹೋಗುತ್ತಿತ್ತು. ಮಗುವಿಗೆ ಕಡಲೆಹಿಟ್ಟು, ಅರಿಶಿನ ಹಚ್ಚಿ ಎರೆಯುತ್ತಿದ್ದರು. ಆ ಕತ್ತಲೆಯಲ್ಲಿ, ಆ ಅರಿಶಿನದ ಮೈಯಲ್ಲಿ ಕಾಮಾಲೆ ಕಾಣುವುದಾದರೂ ಹೇಗೆ? ಮೂರನೇ ದಿನ ಅಜ್ಜಿ ಕಂಡದ್ದು ಕಣ್ಣಿನ ಬಿಳಿಭಾಗದ ಹಳದಿ, ಅದೂ ಕಾಡಿಗೆ ಹಚ್ಚುವಾಗ.

ಕಾಮಾಲೆ ಎಂದ ಕೂಡಲೇ ಪಥ್ಯ ಶುರುವಾಯಿತು, ತಾಯಿಗೆ. ತುಪ್ಪ ನಿಂತಿತು, ಬೇಳೆ ನಿಂತಿತು, ಒಗ್ಗರಣೆ ನಿಂತಿತು. ಬರೀ ಅನ್ನ, ಮೆಣಸಿನ ಸಾರು. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ನೀರಿಗೂ ಲೆಕ್ಕ. ದೊಡ್ಡವರಿಗೆ ಕಾಮಾಲೆಯಾದಾಗ ಮಾಡುವ ಪಥ್ಯವನ್ನು ಕೂಸಿನ ಕಾಮಾಲೆಗೆ ತಾಯಿಯ ಮೇಲೆ ಹೇರುವುದು ನಮ್ಮ ಕಡೆ ಎಲ್ಲ ಜಾತಿಯ ಮನೆಗಳಲ್ಲೂ ಇದೆ. ತಾಯಿ ತಿನ್ನುವ ತುಪ್ಪಕ್ಕೂ ಮಗುವಿನ ರಕ್ತದ ಬಿಲಿರುಬಿನ್ನಿಗೂ ಸಂಬಂಧವಿಲ್ಲ. ಹಸಿದ, ದಣಿದ, ಬಾಯಾರಿದ ಹುಡುಗಿಯೊಬ್ಬಳು ಎರಡು ಗಂಟೆಗೊಮ್ಮೆ ಎದ್ದು ಕೂತು ಹಾಲೂಡುವುದು ಎಷ್ಟು ಕಷ್ಟ ಎಂಬುದನ್ನು ಮಾತ್ರ ಆ ಮನೆಯಲ್ಲಿ ಯಾರೂ ಯೋಚಿಸಲಿಲ್ಲ.

ಮಗುವಿಗೆ ಗ್ಲೂಕೋಸ್ ನೀರು ಶುರುವಾಯಿತು. ಬೆಳಿಗ್ಗೆ, ಸಂಜೆ, ರಾತ್ರಿ, ಅತ್ತಾಗ. ದಿನಕ್ಕೆ ಐದಾರು ಒಳಲೆ. ಆ ಒಳಲೆಗೆ ನೀರು ತುಂಬಿ ಅಳೆದು ನೋಡಿದೆ, ಹನ್ನೆರಡು ಎಂ.ಎಲ್. ಹಿಡಿಯಿತು. ಅಂದರೆ ದಿನಕ್ಕೆ ಅರವತ್ತು ಎಪ್ಪತ್ತು ಎಂ.ಎಲ್. ಸಿಹಿನೀರು. ಮೂರು ದಿನದ ಕೂಸಿನ ಹೊಟ್ಟೆ ಒಂದು ಸಲಕ್ಕೆ ಇಪ್ಪತ್ತೈದು ಮೂವತ್ತು ಎಂ.ಎಲ್.ಗೆ ತುಂಬುತ್ತದೆ. ನೀರು ಕುಡಿದ ಮಗು ಮಲಗಿತು, ಎದೆಹಾಲಿಗೆ ಎದ್ದಿದ್ದು ದಿನಕ್ಕೆ ಐದು ಸಲ. ಎದ್ದಾಗಲೂ ಮೊಲೆತೊಟ್ಟನ್ನು ತುದಿಯಲ್ಲೇ ಹಿಡಿದು ಚೀಪಿ ನಿದ್ದೆ ಹೋಗುತ್ತಿತ್ತು. 37 ವಾರಕ್ಕೆ ಹುಟ್ಟಿದ ಮಕ್ಕಳನ್ನು ತುಂಬು ತಿಂಗಳಿನವು ಎಂದೇ ಲೆಕ್ಕ ಹಾಕುತ್ತಾರೆ, ಆದರೆ ಚೀಪುವ ಶಕ್ತಿಯಲ್ಲಿ, ನಿದ್ದೆಯಲ್ಲಿ ಅವು ಇನ್ನೂ ಸ್ವಲ್ಪ ಎಳಸು. ತೊಟ್ಟು ಒಡೆದು ತಾಯಿಗೆ ನೋವು. ಹಾಲು ಖಾಲಿಯಾಗದ ಎದೆಯಲ್ಲಿ ಹಾಲು ಉತ್ಪತ್ತಿಯೂ ನಿಧಾನವಾಯಿತು.

ಮಗುವಿನ ಬಟ್ಟೆಯೊಂದನ್ನು ತೋರಿಸಿದರು. ಮೂತ್ರದ ಜಾಗದಲ್ಲಿ ಇಟ್ಟಿಗೆ ಬಣ್ಣದ ಕಲೆ. ರಕ್ತ ಹೋಗುತ್ತಿದೆ ಎಂದು ಹೆದರಿಯೇ ಜೀಪು ಮಾಡಿಕೊಂಡು ಬಂದಿದ್ದರು. ಅದು ರಕ್ತವಲ್ಲ, ಮೂತ್ರ ತೀರಾ ಗಟ್ಟಿಯಾದಾಗ ಇಳಿಯುವ ಯೂರೇಟ್ ಹರಳು. ಹಾಲು ಸಾಲದು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಪತ್ರ ಬೇಕಿಲ್ಲ. ಐದನೇ ದಿನವೂ ಮಲ ಕಪ್ಪು ಹಸಿರಾಗಿಯೇ ಇತ್ತು. ಹಾಲು ಚೆನ್ನಾಗಿ ಕುಡಿಯುವ ಮಗುವಿಗೆ ಆ ಹೊತ್ತಿಗೆ ಸಾಸಿವೆ ಹಳದಿಯ ಮಲ ದಿನಕ್ಕೆ ಮೂರು ನಾಲ್ಕು ಸಲ ಆಗಬೇಕು, ಆರಕ್ಕೂ ಹೆಚ್ಚು ಬಟ್ಟೆ ಒದ್ದೆಯಾಗಬೇಕು. ಈ ಮಗು ಹಿಂದಿನ ದಿನ ಮೂರು ಸಲ ಮೂತ್ರ ಮಾಡಿತ್ತು, ಮಲ ಒಂದೇ ಸಲ.

ಹಳದಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕು

ತುಂಬು ತಿಂಗಳಿಗೆ ಹುಟ್ಟಿದ ನೂರು ಮಕ್ಕಳಲ್ಲಿ ಸುಮಾರು ಅರವತ್ತಕ್ಕೆ, ದಿನ ತುಂಬದೆ ಹುಟ್ಟಿದವುಗಳಲ್ಲಿ ಸುಮಾರು ಎಂಬತ್ತಕ್ಕೆ ಮೊದಲ ವಾರದಲ್ಲಿ ಹಳದಿ ಕಾಣುತ್ತದೆ. ಕೂಸಿನ ಕೆಂಪು ರಕ್ತಕಣದ ಆಯಸ್ಸು ದೊಡ್ಡವರದಕ್ಕಿಂತ ಕಡಿಮೆ, ಕಣಗಳ ಸಂಖ್ಯೆ ಹೆಚ್ಚು. ಒಡೆದ ಕಣದಿಂದ ಬಿಲಿರುಬಿನ್ ಹುಟ್ಟುತ್ತದೆ, ತೂಕಕ್ಕೆ ಹೋಲಿಸಿದರೆ ದೊಡ್ಡವರ ಎರಡರಷ್ಟು. ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಪಿತ್ತದ ಮೂಲಕ ಕರುಳಿಗೆ ಕಳಿಸಬೇಕಾದದ್ದು ಯಕೃತ್ತಿನ ಒಂದು ಕಿಣ್ವ. ಹುಟ್ಟಿದಾಗ ಆ ಕಿಣ್ವದ ಕೆಲಸ ದೊಡ್ಡವರ ನೂರರಲ್ಲಿ ಒಂದರಷ್ಟು ಮಾತ್ರ. ಯಕೃತ್ತಿಗೆ ರೋಗವಿಲ್ಲ, ಕೆಲಸ ಕಲಿಯಲು ಇನ್ನೂ ಕೆಲವು ದಿನ ಬೇಕು ಅಷ್ಟೆ. ಹೆಪಟೈಟಿಸ್ ಬಂದ ದೊಡ್ಡವರ ಕಾಮಾಲೆಗೂ ಇದಕ್ಕೂ ಹೆಸರೊಂದೇ.

ಇನ್ನೊಂದು ಸಂಗತಿ ಇದೆ, ಬಾಯಿಂದ ಕೊಡುವ ಮದ್ದುಗಳ ಕಥೆಯೆಲ್ಲ ಅಲ್ಲೇ ನಿಂತಿದೆ. ಕರುಳಿಗೆ ಬಂದ ಬಿಲಿರುಬಿನ್ ಮಲದಲ್ಲಿ ಹೊರಗೆ ಹೋಗಬೇಕು. ಮಲ ಅಲ್ಲೇ ನಿಂತರೆ ಕೂಸಿನ ಕರುಳಿನಲ್ಲಿರುವ ಇನ್ನೊಂದು ಕಿಣ್ವ ಯಕೃತ್ತಿನ ಕೆಲಸವನ್ನು ಬಿಚ್ಚಿ, ಬಿಲಿರುಬಿನ್ನನ್ನು ಮತ್ತೆ ರಕ್ತಕ್ಕೆ ಸೇರುವಂತೆ ಮಾಡುತ್ತದೆ. ಹುಟ್ಟಿದಾಗಿನ ಕಪ್ಪು ಮಲದಲ್ಲೇ ಒಂದು ದಿನದಲ್ಲಿ ಮೈ ತಯಾರಿಸುವ ಬಿಲಿರುಬಿನ್ನಿನ ಹಲವು ಪಟ್ಟು ತುಂಬಿಕೊಂಡಿರುತ್ತದೆ. ಐದು ದಿನವಾದರೂ ಅದು ಪೂರ್ತಿ ಹೊರಬಿದ್ದಿಲ್ಲ ಎಂದರೆ ಮಗು ತನ್ನ ಹಳದಿಯನ್ನು ತಾನೇ ವಾಪಸ್ ಪಡೆಯುತ್ತಿದೆ. ನಮ್ಮ ಈ ಮಗುವಿಗೆ ಆಗಿದ್ದು ಇದು.

ಹಾಗಾಗಿ ಕಾಮಾಲೆಗೆ ಬಾಯಿಂದ ಏನಾದರೂ ಕೊಡಬೇಕು ಎಂಬ ಅಜ್ಜಿಯ ಅನಿಸಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ದಾರಿ ಕರುಳಿನ ಮೂಲಕವೇ ಇದೆ. ಆ ದಾರಿಯಲ್ಲಿ ಏನನ್ನು ಕಳಿಸಬೇಕು ಎಂಬುದಷ್ಟೇ ಪ್ರಶ್ನೆ.

ಬಾಯಿಂದ ಕೊಟ್ಟ ಮದ್ದುಗಳ ಹಣೆಬರಹ

ವೈದ್ಯರೂ ಇದೇ ದಾರಿಯಲ್ಲಿ ಬಹಳ ಹುಡುಕಿದ್ದಾರೆ. ಕರುಳಿನಲ್ಲಿ ಬಿಲಿರುಬಿನ್ನಿಗೆ ಅಂಟಿಕೊಂಡು ಹೊರಗೆ ಒಯ್ಯಲಿ ಎಂದು ಕಡಲಪಾಚಿಯ ಅಗರ್ ಕೊಟ್ಟು ನೋಡಿದರು, ಇದ್ದಿಲಿನ ಪುಡಿ ಕೊಟ್ಟು ನೋಡಿದರು, ಕೊಲೆಸ್ಟೈರಮಿನ್ ಕೊಟ್ಟು ನೋಡಿದರು. ಯಕೃತ್ತನ್ನು ಚುರುಕು ಮಾಡಲು 1960ರ ದಶಕದಿಂದ ಫಿನೋಬಾರ್ಬಿಟೋನ್ ಬಳಸಿದರು. ಅದು ಕೆಲಸ ಮಾಡುತ್ತದೆ, ಆದರೆ ದಿನಗಳು ಬೇಕು, ಮೇಲಾಗಿ ಮಗುವಿಗೆ ಮಂಪರು ತರಿಸುತ್ತದೆ. ಮೊದಲೇ ನಿದ್ದೆಗಣ್ಣಿನ, ಹಾಲು ಕುಡಿಯದ ಮಗುವಿಗೆ ಮಂಪರಿನ ಔಷಧ! ಬ್ರಿಟನ್ನಿನ ನೈಸ್ ಸಂಸ್ಥೆ 2010ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಕಾಮಾಲೆಗೆ ಇವನ್ನು ಬಳಸಬೇಡಿ ಎಂಬ ಉದ್ದ ಪಟ್ಟಿಯೇ ಇದೆ. ಅಗರ್, ಇದ್ದಿಲು, ಕೊಲೆಸ್ಟೈರಮಿನ್, ಫಿನೋಬಾರ್ಬಿಟೋನ್ ಸೇರಿದ ಬಾರ್ಬಿಟುರೇಟ್ ಗುಂಪು ಎಲ್ಲ ಅದರಲ್ಲಿವೆ, ಹೋಮಿಯೋಪಥಿಯೂ ಇದೆ.

ನಮ್ಮ ಮೇಜಿನ ಮೇಲಿದ್ದವುಗಳಿಗೆ ಬರುತ್ತೇನೆ. ಜಿಂಕ್ ಕರುಳಿನಲ್ಲಿ ಬಿಲಿರುಬಿನ್ನನ್ನು ಹಿಡಿದಿಡಬಹುದು ಎಂಬ ವಿಚಾರ ಕಾಗದದ ಮೇಲೆ ಚೆನ್ನಾಗಿದೆ. ಕಾಮಾಲೆ ತಡೆಯಲು ಜಿಂಕ್ ಕೊಡುವ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆ 2015ರಲ್ಲಿ ಹುಡುಕಿದಾಗ ಮಾನದಂಡಕ್ಕೆ ಹೊಂದಿದ್ದು ಒಂದೇ ಪ್ರಯೋಗ. ಎರಡನೇ ದಿನದಿಂದ ಏಳನೇ ದಿನದವರೆಗೆ ಜಿಂಕ್ ಕುಡಿಸಿದ ಮಕ್ಕಳಲ್ಲೂ ಕುಡಿಸದ ಮಕ್ಕಳಲ್ಲೂ ಕಾಮಾಲೆ ಹೆಚ್ಚಾದವರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಬೆಳಕು ಬೇಕಾದ ಮಕ್ಕಳಲ್ಲಿ ಅವಧಿ ತುಸು ಕಡಿಮೆಯಾಗಿತ್ತು, ಅಷ್ಟರಿಂದ ಒಂದು ಔಷಧವನ್ನು ಊರಿಗೆಲ್ಲ ಹಂಚಲಾಗದು.

ಪ್ರೊಬಯಾಟಿಕ್ ವಿಷಯದಲ್ಲಿ ಸ್ವಲ್ಪ ಹೆಚ್ಚು ಆಸೆ ಇದೆ. ಬೆಳಕಿನ ಚಿಕಿತ್ಸೆಯ ಜೊತೆಗೆ ಕೊಟ್ಟಾಗ ಬಿಲಿರುಬಿನ್ ತುಸು ಬೇಗ ಇಳಿದದ್ದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಬಹುಪಾಲು ಚೀನಾದಲ್ಲಿ ನಡೆದ ಚಿಕ್ಕ ಪ್ರಯೋಗಗಳು, ಒಂದೊಂದರಲ್ಲಿ ಒಂದೊಂದು ಬ್ಯಾಕ್ಟೀರಿಯಾ, ಒಂದೊಂದು ಪ್ರಮಾಣ. "ಜೊತೆಗೆ" ಎಂಬುದನ್ನು ಗಮನಿಸಬೇಕು, ಬೆಳಕಿನ ಬದಲಿಗೆ ಅಲ್ಲ. ಮನೆಯಲ್ಲಿ ಪೊಟ್ಟಣ ಹರಿದು ಆರಿದ ನೀರಿನಲ್ಲಿ ಕದಡಿ ಕುಡಿಸುವುದಕ್ಕೂ ಆ ಪ್ರಯೋಗಗಳಿಗೂ ಸಂಬಂಧವಿಲ್ಲ. ದಿನ ತುಂಬದ ಮಕ್ಕಳಿಗೆ ಪ್ರೊಬಯಾಟಿಕ್ ಕೊಟ್ಟರೆ ರಕ್ತಕ್ಕೆ ಸೋಂಕು ತಗಲುವ ಅಪಾಯವಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಎಚ್ಚರಿಸಿದೆ.

ಲಿವರ್ ಡ್ರಾಪ್ಸ್ ಬಗ್ಗೆ ಹೇಳುವುದು ಕಡಿಮೆ. ಕಾಯಿಲೆಯಿಲ್ಲದ ಯಕೃತ್ತಿಗೆ ಟಾನಿಕ್ ಏನು ಮಾಡೀತು?

ನೆಲನೆಲ್ಲಿಯನ್ನು ನಮ್ಮ ಹಿರಿಯರು ದೊಡ್ಡವರ ಕಾಮಾಲೆಗೆ ತಲೆಮಾರುಗಳಿಂದ ಕೊಟ್ಟಿದ್ದಾರೆ. ಐದು ದಿನದ ಮಗುವಿಗೆ ಗದ್ದೆ ಬದುವಿನ ಮಣ್ಣು ಮೆತ್ತಿದ ಬೇರನ್ನು ಸಾಣೆಕಲ್ಲಿನ ಮೇಲೆ ತೇಯ್ದು ಹಾಕುವುದು ಬೇರೆ ಮಾತು. ಈ ವಯಸ್ಸಿನಲ್ಲಿ ಭೇದಿಯೋ ರಕ್ತದ ಸೋಂಕೋ ಬಂದರೆ ಕಾಮಾಲೆ ಅದರಿಂದಲೇ ಹೆಚ್ಚಾಗುತ್ತದೆ. ಜೇನಂತೂ ವರ್ಷ ತುಂಬುವವರೆಗೂ ಬೇಡ. ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಣಗಳು ಕೂಸಿನ ಕರುಳಿನಲ್ಲಿ ಮೊಳೆತು ವಿಷ ಮಾಡುತ್ತವೆ, ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಶೀಶೆಯ ಜೇನನ್ನು ಇನ್ನೂ ನೆಕ್ಕಿಸಿರಲಿಲ್ಲ, ಹನ್ನೊಂದನೇ ದಿನಕ್ಕೆಂದು ಎತ್ತಿಟ್ಟಿದ್ದರು.

ಎಲ್ಲಕ್ಕಿಂತ ನಿರಪಾಯ ಎಂದು ತೋರುವ, ಆದರೆ ಈ ಮಗುವಿಗೆ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಗ್ಲೂಕೋಸ್ ನೀರು. ಒಂದು ಕಾಲಕ್ಕೆ ಆಸ್ಪತ್ರೆಗಳಲ್ಲೇ ಅದನ್ನು ಕೊಡುತ್ತಿದ್ದರು, ನೀರು ಕುಡಿದರೆ ಹಳದಿ ಮೂತ್ರದಲ್ಲಿ ಹೋಗುತ್ತದೆ ಎಂಬ ನಂಬಿಕೆಯಿಂದ. ಈ ಬಿಲಿರುಬಿನ್ ಮೂತ್ರದಲ್ಲಿ ಹೋಗುವ ಬಗೆಯದಲ್ಲ, ನೀರಿನಲ್ಲಿ ಅದು ಕರಗುವುದೇ ಇಲ್ಲ. ಎದೆಹಾಲಿನ ಮಕ್ಕಳಿಗೆ ನೀರು ಅಥವಾ ಸಿಹಿನೀರು ಕುಡಿಸಿದರೆ ಬಿಲಿರುಬಿನ್ ಇಳಿಯುವುದಿಲ್ಲ ಎಂದು 1980ರ ದಶಕದ ಆರಂಭದ ಅಧ್ಯಯನಗಳೇ ತೋರಿಸಿದವು. ಕಾಮಾಲೆ ತಡೆಯಲಾಗಲಿ ಇಳಿಸಲಾಗಲಿ ನೀರನ್ನೂ ಗ್ಲೂಕೋಸ್ ನೀರನ್ನೂ ಕೊಡಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರ ಮಾರ್ಗಸೂಚಿಯಲ್ಲಿ ಬರೆದಿದೆ. ಲೆಕ್ಕ ನೋಡಿ: ನೂರು ಎಂ.ಎಲ್. ಎದೆಹಾಲಿನಲ್ಲಿ ಅರವತ್ತೈದು ಎಪ್ಪತ್ತು ಕ್ಯಾಲೊರಿ, ನೂರಕ್ಕೆ ಐದರಂತೆ ಕಲಸಿದ ಗ್ಲೂಕೋಸ್ ನೀರಿನಲ್ಲಿ ಇಪ್ಪತ್ತು. ಕೊಬ್ಬಿಲ್ಲ, ಪ್ರೋಟೀನ್ ಇಲ್ಲ, ಮಲವನ್ನು ಮುಂದೆ ತಳ್ಳುವ ಶಕ್ತಿಯಿಲ್ಲ. ತಾಯಿಯ ಮೊದಲ ದಿನಗಳ ಗಿಣ್ಣುಹಾಲಿಗೆ ಆ ಗುಣವಿದೆ. ಹೊಟ್ಟೆ ತುಂಬಿದ ಭಾವನೆ ಮಾತ್ರ ನೀರಿನಿಂದಲೂ ಬರುತ್ತದೆ, ಅದೇ ತೊಂದರೆ.

ಬಿಸಿಲಿನ ಮಾತೂ ಬಂತು. ಮಗುವನ್ನು ಬೆಳಗಿನ ಬಿಸಿಲಿಗೆ ಹಿಡಿಯಿರಿ ಎಂದು ಚೀಟಿಯಲ್ಲಿ ಬರೆದಿತ್ತು. ಜುಲೈನಲ್ಲಿ, ಸಕಲೇಶಪುರದ ಮಲೆಯಲ್ಲಿ! ಬಿಸಿಲಿಗೆ ಬಿಲಿರುಬಿನ್ ಕರಗಿಸುವ ಶಕ್ತಿ ಇರುವುದು ನಿಜ. ಬೆಳಕಿನ ಚಿಕಿತ್ಸೆ ಹುಟ್ಟಿದ್ದೇ ಅಲ್ಲಿಂದ. 1956ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫೋರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ಜೀನ್ ವಾರ್ಡ್ ದಿನ ತುಂಬದ ಮಕ್ಕಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಬಿಸಿಲು ಬಿದ್ದ ಕಡೆ ಹಳದಿ ಮಾಸಿ, ಬಟ್ಟೆ ಮುಚ್ಚಿದ ಕಡೆ ಹಾಗೇ ಉಳಿದದ್ದನ್ನು ಅವರು ವೈದ್ಯರಿಗೆ ತೋರಿಸಿದರು. ಎರಡು ವರ್ಷದ ಮೇಲೆ, 1958ರಲ್ಲಿ, ಕ್ರೆಮರ್ ಮತ್ತು ಸಂಗಡಿಗರು ನೀಲಿ ದೀಪದ ಚಿಕಿತ್ಸೆಯನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಬ್ಬ ನರ್ಸಿನ ಕಣ್ಣಿಗೆ ಜಗತ್ತು ಎಷ್ಟು ಋಣಿಯಾಗಿರಬೇಕು ಎಂದು ಆಗಾಗ ಅನ್ನಿಸುತ್ತದೆ. ಆದರೆ ಬಿಸಿಲನ್ನು ಅಳತೆ ಮಾಡಿ ಕೊಡಲಾಗದು, ಬೆತ್ತಲೆ ಕೂಸು ಬೇಗ ಥಂಡಿಯಾಗುತ್ತದೆ ಅಥವಾ ಸುಡುತ್ತದೆ. 21 ಮಿಲಿಗ್ರಾಮಿನ ಕಾಮಾಲೆಯನ್ನು ಹತ್ತು ನಿಮಿಷದ ಎಳೆಬಿಸಿಲು ಇಳಿಸುವುದಿಲ್ಲ.

ಬೆಳಕು ಮತ್ತು ಹಾಲು

ವಾರ್ಡಿನಲ್ಲಿ ಮಾಡಿದ್ದು ಎರಡೇ ಕೆಲಸ. ಲಂಗೋಟಿ ಬಿಟ್ಟು ಉಳಿದೆಲ್ಲ ಬಿಚ್ಚಿ, ಕಣ್ಣಿಗೆ ಪಟ್ಟಿ ಕಟ್ಟಿ, ಎಲ್‌ಇಡಿ ನೀಲಿ ಬೆಳಕಿನ ಕೆಳಗೆ ಮಲಗಿಸಿದೆವು. 460ರಿಂದ 490 ನ್ಯಾನೊಮೀಟರಿನ ಆ ಬೆಳಕು ಚರ್ಮದೊಳಗಿನ ಬಿಲಿರುಬಿನ್ನಿನ ಆಕಾರವನ್ನೇ ಬದಲಿಸುತ್ತದೆ. ಬದಲಾದದ್ದು ಯಕೃತ್ತಿನ ಕಿಣ್ವಕ್ಕೆ ಕಾಯದೆ ಪಿತ್ತದಲ್ಲೂ ಮೂತ್ರದಲ್ಲೂ ಹೊರಗೆ ಹೋಗುತ್ತದೆ. "ಪೆಟ್ಟಿಗೆಯಲ್ಲಿ ಇಟ್ಬಿಟ್ರು" ಎಂದು ತಾಯಿ ಅತ್ತಳು. ಹಾಲಿಗೆ ಪ್ರತಿಸಲ ಹೊರಗೆ ತೆಗೆದು ಅವಳ ಮಡಿಲಿಗೇ ಕೊಡುತ್ತೇವೆ ಎಂದ ಮೇಲೆ ಸಮಾಧಾನವಾಯಿತು.

ಎರಡನೆಯದು ಹಾಲು. ಮಗು ಕುಡಿಯುವ ಮೊದಲು ಮತ್ತು ಕುಡಿದ ಮೇಲೆ ತೂಗಿದೆವು. ಇಪ್ಪತ್ತು ನಿಮಿಷ ಎದೆಯಲ್ಲಿದ್ದ ಮಗುವಿನ ತೂಕ ಏರಿದ್ದು ಎಂಟು ಗ್ರಾಂ. ಇದನ್ನು ತಾಯಿಗೆ ಬೈಗುಳದಂತೆ ಹೇಳಬಾರದು, ನಮ್ಮ ಸಿಸ್ಟರ್ ಹೇಳಲೂ ಇಲ್ಲ. ಪಕ್ಕದಲ್ಲಿ ಕೂತು ಮಗುವಿನ ಗಲ್ಲ ಎದೆಗೆ ತಾಗುವಂತೆ, ಬಾಯಿ ಅಗಲ ತೆರೆದಾಗ ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗುವಂತೆ ಹಿಡಿಯುವುದನ್ನು ತೋರಿಸಿಕೊಟ್ಟರು. ಎರಡು ಗಂಟೆಗೊಮ್ಮೆ ಎಬ್ಬಿಸಿ ಎದೆಗೆ, ಆಮೇಲೆ ಕೈಯಿಂದ ಹಿಂಡಿದ ಹಾಲು. ಮೊದಲ ಸಲ ಎರಡೂ ಎದೆಯಿಂದ ಹದಿನೈದು ಎಂ.ಎಲ್. ಬಂತು. ತೂಕ ಅಷ್ಟು ಇಳಿದಿದ್ದರಿಂದ ಮೊದಲ ರಾತ್ರಿ ಎರಡು ಸಲ ಫಾರ್ಮುಲಾ ಹಾಲನ್ನೂ ಕೊಟ್ಟೆವು. ಎದೆಹಾಲಿನ ಪರವಾಗಿ ಎಷ್ಟೇ ಮಾತಾಡುವವಳಾದರೂ ಈ ಸ್ಥಿತಿಯಲ್ಲಿ ಅದು ಬೇಕಾಗಿತ್ತು ಎಂದೇ ನನ್ನ ನಿಲುವು. ಮಗುವಿಗೆ ಆಗ ಬೇಕಿದ್ದ ಪೂರಕ ಆಹಾರ ಯಾವುದೆಂದು ಕೇಳಿದರೆ ಹಾಲು, ಮತ್ತೆ ಹಾಲು. ಮೊದಲು ಹಿಂಡಿದ ತಾಯಿಹಾಲು, ಅದು ಸಾಲದಿದ್ದರೆ ಮಾತ್ರ ಬೇರೆ.

ಅಜ್ಜಿಯ ಒಳಲೆಯನ್ನು ಕುದಿಯುವ ನೀರಿನಲ್ಲಿ ಹಾಕಿ ತೆಗೆದು ಅದರಲ್ಲೇ ಹಿಂಡಿದ ಹಾಲು ಕುಡಿಸಿದೆವು. ಬಾಟಲಿಗಿಂತ ಒಳಲೆ ಒಳ್ಳೆಯದು, ತೊಳೆಯುವುದು ಸುಲಭ, ಎದೆ ಹಿಡಿಯುವ ಅಭ್ಯಾಸವನ್ನು ಕೆಡಿಸುವುದಿಲ್ಲ. ಕೂಸನ್ನು ಅರ್ಧ ಎತ್ತಿ ಕೂರಿಸಿ, ಕೆನ್ನೆಯ ಒಳಬದಿಗೆ ತುಸುತುಸುವೇ ಬಗ್ಗಿಸುವ ಕೈಚಳಕ ಅಜ್ಜಿಗೆ ನಮ್ಮ ಹೊಸ ಸಿಸ್ಟರುಗಳಿಗಿಂತ ಚೆನ್ನಾಗಿತ್ತು. ಆ ಎರಡು ರಾತ್ರಿ ಪ್ರತಿ ಒಳಲೆಯನ್ನೂ ಅವರೇ ಕುಡಿಸಿದರು. ತಾಯಿಗೆ ಬೇಳೆ, ಸೊಪ್ಪು, ತುಪ್ಪ ಹಾಕಿದ ರಾಗಿಮುದ್ದೆ ಊಟ ಮತ್ತೆ ಶುರುವಾದದ್ದೂ ಅವರ ಕೈಯಿಂದಲೇ. "ಪಥ್ಯ ಬ್ಯಾಡ್ವಾ ಹಂಗಾದ್ರೆ?" ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಬೆಳಕಿಗೆ ಹಾಕಿದ ಹನ್ನೆರಡು ಗಂಟೆಗೆ ಬಿಲಿರುಬಿನ್ 17.4. ಅಷ್ಟರಲ್ಲಿ ಮಲ ಎರಡು ಸಲ ಆಗಿತ್ತು, ಎರಡನೆಯದು ಹಸಿರು ಕಳೆದು ಹಳದಿಗೆ ತಿರುಗಿತ್ತು. ಇಪ್ಪತ್ತನಾಲ್ಕು ಗಂಟೆಗೆ 14.3. ಮೂವತ್ತಾರು ಗಂಟೆಗೆ 12.1, ಬೆಳಕು ನಿಲ್ಲಿಸಿದೆವು. ನಿಲ್ಲಿಸಿದ ಮೇಲೆ ಸ್ವಲ್ಪ ಏರುವುದುಂಟು, ಮರುದಿನ 12.8 ಇತ್ತು. ತೂಕ 2.52. ಎದೆಯಿಂದ ಒಂದು ಸಲಕ್ಕೆ ಕುಡಿಯುತ್ತಿದ್ದುದು ಮೂವತ್ತು ಗ್ರಾಂ ದಾಟಿತ್ತು. ಡ್ರಾಪ್ಸು, ಪುಡಿ ಯಾವುದನ್ನೂ ಮುಂದುವರಿಸಲಿಲ್ಲ.

ಮನೆಗೆ ಹೋದ ಮೇಲೆ

ಕಳಿಸುವಾಗ ಮಗುವಿಗೆ ವಿಟಮಿನ್ ಡಿ ಡ್ರಾಪ್ಸ್ ಬರೆದೆ, ದಿನಕ್ಕೆ 400 ಯೂನಿಟ್. "ಡ್ರಾಪ್ಸ್ ಬ್ಯಾಡ ಅಂದ್ರಿ, ಈಗ ಬರ್ಕೊಟ್ರಿ" ಎಂದು ಅಜ್ಜಿ ತಕ್ಷಣ ಹಿಡಿದರು. ನ್ಯಾಯವಾದ ಪ್ರಶ್ನೆ. ಇದು ಕಾಮಾಲೆಗಲ್ಲ, ಮೂಳೆಗೆ. ಎದೆಹಾಲಿನಲ್ಲಿ ಇದು ಸಾಲುವುದಿಲ್ಲವಾದ್ದರಿಂದ ಆರೋಗ್ಯವಂತ ಮಗುವಿಗೂ ಮೊದಲ ವರ್ಷ ಪೂರ್ತಿ ಬೇಕು. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು, ಹಗಲಿನಲ್ಲಿ ಕಿಟಕಿ ತೆರೆದು ಮಗುವಿನ ಮೈಬಣ್ಣ ನೋಡುವುದು, ಅರಿಶಿನ ಹಚ್ಚದಿರುವುದು, ಮಲದ ಬಣ್ಣ ಗಮನಿಸುವುದು, ಇಷ್ಟನ್ನು ಹೇಳಿದೆ. ಟ್ರಂಕಿನಿಂದ ತೆಗೆದ ಹಳೆಯ ಬಟ್ಟೆಯಲ್ಲಿ ನುಸಿ ಗುಳಿಗೆಯ ವಾಸನೆ ಇದ್ದರೆ ಮಗುವಿಗೆ ಹೊದಿಸಬೇಡಿ ಎಂದೂ ಹೇಳಿದೆ. ಈ ಮಗುವಿಗೆ ಜಿ6ಪಿಡಿ ಕೊರತೆ ಇಲ್ಲ. ಇರುವ ಮಗುವಿಗೆ ಆ ನ್ಯಾಫ್ತಲಿನ್ ತಾಗಿದರೆ ರಕ್ತಕಣ ಒಡೆದು ಕಾಮಾಲೆ ಗಂಟೆಗಳಲ್ಲಿ ಏರಬಹುದು. ಆ ಮನೆಯಲ್ಲಿ ಇನ್ನೂ ಮಕ್ಕಳು ಹುಟ್ಟಲಿವೆ, ಮಾತು ನೆನಪಿರಲಿ ಎಂದು.

ಹದಿನೈದನೇ ದಿನ ಬಂದಾಗ ತೂಕ 2.78, ಹುಟ್ಟಿದ ತೂಕ ದಾಟಿತ್ತು. ಕಣ್ಣಿನಲ್ಲಿ ತುಸು ಹಳದಿ ಉಳಿದಿತ್ತು. ಈ ಹಂತದಲ್ಲೇ ಎಷ್ಟೋ ಮನೆಗಳಲ್ಲಿ ಲಿವರ್ ಡ್ರಾಪ್ಸ್ ಮತ್ತೆ ಶುರುವಾಗುತ್ತದೆ, ಅದರಿಂದ ನನಗೆ ನಿಜವಾದ ಭಯ. ಎರಡು ವಾರ ದಾಟಿಯೂ ಉಳಿದ ಹಳದಿ ಹೆಚ್ಚಿನ ಮಕ್ಕಳಲ್ಲಿ ಎದೆಹಾಲಿನಿಂದಲೇ ಬರುವ ನಿರಪಾಯದ ಕಾಮಾಲೆ, ಹಾಲು ನಿಲ್ಲಿಸುವ ಅಗತ್ಯವೂ ಇಲ್ಲ. ಆದರೆ ಅವರ ನಡುವೆ ಎಲ್ಲೋ ಒಂದು ಮಗುವಿಗೆ ಪಿತ್ತನಾಳವೇ ಮುಚ್ಚಿಹೋಗಿರುತ್ತದೆ. ಅಂಥ ಮಗುವಿನ ಮಲ ಸುಣ್ಣದ ಹಾಗೆ ಬಿಳಿಚಿಕೊಳ್ಳುತ್ತದೆ, ಮೂತ್ರ ಗಾಢ ಹಳದಿಯಾಗಿ ಬಟ್ಟೆಗೆ ಅಂಟುತ್ತದೆ, ನೇರ ಬಿಲಿರುಬಿನ್ ಏರಿರುತ್ತದೆ. ಜಪಾನಿನ ವೈದ್ಯ ಮೋರಿಯೊ ಕಸಾಯಿ ರೂಪಿಸಿದ ಶಸ್ತ್ರಚಿಕಿತ್ಸೆ ಆ ಮಗುವಿಗೆ ಅರವತ್ತು ದಿನದೊಳಗೆ ಆದರೆ ಫಲ ಚೆನ್ನಾಗಿರುತ್ತದೆ. ಡ್ರಾಪ್ಸ್ ಹಾಕುತ್ತಾ ಕೂತ ಒಂದೊಂದು ವಾರವೂ ಆ ಅರವತ್ತರಲ್ಲೇ ಕಳೆಯುತ್ತದೆ. ನಮ್ಮ ಮಗುವಿನ ಮಲ ಸಾಸಿವೆ ಹಳದಿ, ನೇರ ಬಿಲಿರುಬಿನ್ 0.5. ಏನೂ ಕೊಡಲಿಲ್ಲ, ಐದನೇ ವಾರದ ಹೊತ್ತಿಗೆ ಕಣ್ಣು ಬಿಳಿಯಾಯಿತು.

ಬಿಲಿರುಬಿನ್ ಅತಿಯಾದರೆ ಕಿವಿಯ ನರಕ್ಕೆ ಪೆಟ್ಟು ಬೀಳಬಹುದು, ಆದ್ದರಿಂದ ಮೂರು ತಿಂಗಳಿಗೆ ಬೇರಾ ಎಂಬ ಶ್ರವಣ ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿ ಸರಿಯಾಗಿವೆ. ಕತ್ತು ನಿಂತಿದೆ, ಮುಖ ನೋಡಿ ನಗುತ್ತಾಳೆ. ಆರು ತಿಂಗಳಿಗೆ, ಒಂಬತ್ತು ತಿಂಗಳಿಗೆ ಬೆಳವಣಿಗೆ ನೋಡಲು ಮತ್ತೆ ಬರಲಿದ್ದಾರೆ.

ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಎರಡು ಸಾಲು ಬರೆದು ಸಹಿ ಮಾಡಿದ್ದೇನೆ: ಮೊದಲ ಮಗುವಿಗೆ ಕಾಮಾಲೆಗೆ ಬೆಳಕಿನ ಚಿಕಿತ್ಸೆ ಬೇಕಾಗಿತ್ತು, ಮುಂದಿನ ಮಗುವಿಗೂ ಆಗುವ ಸಂಭವ ಹೆಚ್ಚು, ಆಸ್ಪತ್ರೆಯಿಂದ ಕಳಿಸುವ ಮೊದಲು ಬಿಲಿರುಬಿನ್ ನೋಡಿ. ಅದರ ಕೆಳಗೆ ತವರೂರಿನ ಹೆಸರು, ಅಲ್ಲಿಯ ಆಶಾ ಕಾರ್ಯಕರ್ತೆಯ ಫೋನ್ ನಂಬರನ್ನು ಅಜ್ಜಿ ತಮ್ಮ ಮಗನಿಂದ ಬರೆಸಿಕೊಂಡರು.